ಗೂಟದ ಬಯಲನ್ನು ಹೊಳೆ ಉಳಿಸಲಿಲ್ಲ

ನಮ್ಮ ಊರಿನಲ್ಲಿ ಗೂಟದ ಬಯಲಿನ ಕಥೆಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಪಟ್ಟಣ ಪಂಚಾಯಿತಿಯವರು ಜಾಗ ಮಾರಲು ಹೊರಟಿದ್ದರು. ಅಷ್ಟರಲ್ಲಿ ಕೃಷ್ಣೆ ಏರಿದಳು. ಹೊಳೆದಂಡೆಯ ಜನ ಎಮ್ಮೆ ಹೊಡೆದುಕೊಂಡು ಬಂದರು. ಅವರ ಕಷ್ಟ ಕಣ್ಣಾರೆ ಕಂಡು ಸದಸ್ಯರ ಮನಸ್ಸು ಕರಗಿತು, ಜಾಗ ಉಳಿಯಿತು. ಕೇಳಲು ಚೆನ್ನಾಗಿದೆ. ಚಹಾದಂಗಡಿಯಲ್ಲಿ ಹೇಳಿದರೆ ಎದುರಿಗಿದ್ದವರು ತಲೆದೂಗುತ್ತಾರೆ. ಆದರೆ ಹಾಗೆ ನಡೆಯಲಿಲ್ಲ. ಆ ಸಭೆಗಳಲ್ಲಿ ನಾನು ಕುಳಿತಿದ್ದೆ. ಹೊಳೆ ಇಳಿದ ಮೇಲೆ ಜಾಗ ಮಾರಬೇಕು ಅನ್ನುವವರು ಹೆಚ್ಚಾದರು.

ಇದನ್ನು ಬರೆಯುತ್ತಿರುವುದು ಈ ಸಲ ಹೊಸದಾಗಿ ಆರಿಸಿ ಬಂದವರಿಗಾಗಿ, ಅದರಲ್ಲೂ ಊರಿನ ಕೆಲಸವೆಂದರೆ ಒಳ್ಳೆಯ ಭಾಷಣ ಎಂದು ನಂಬಿ ಬಂದವರಿಗಾಗಿ. ನಾನೂ ಹಾಗೆ ನಂಬಿಯೇ ಹೋದವಳು. ಅಥಣಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ್ದೆ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಚೀಟಿಯಲ್ಲಿ ಬಂದ ಕಡೆಗೆ ವಾದ. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಮಾವನವರು ನನ್ನ ಹೆಸರು ಕೊಟ್ಟರು. ಗೆದ್ದೆ, ಒಂದು ಅವಧಿ ಕೆಲಸ ಮಾಡಿದೆ, ಮುಂದಿನ ಚುನಾವಣೆಯಲ್ಲಿ ಸೋತೆ. ಮೂವತ್ತೆರಡನೆಯ ವಯಸ್ಸಿಗೆ ‘ಮಾಜಿ’ ಆದೆ. ಬಸ್ಸಿನ ಕಂಡಕ್ಟರ್ ಆಗಿರುವ ಮಾವನವರಿಗೆ ಇನ್ನೂ ಸರ್ವಿಸ್ ಉಳಿದಿದೆ, ಸೊಸೆ ಮಾತ್ರ ರಿಟೈರ್ ಆಗಿದ್ದಾಳೆ ಎಂದು ಅತ್ತೆ ಓಣಿಯಲ್ಲಿ ಹೇಳಿಕೊಂಡು ನಗುತ್ತಾರೆ.

ಕಾಗವಾಡದಿಂದ ಐನಾಪುರದ ಕಡೆಗೆ ಹೋಗುವ ಬಸ್ಸು ಹಿಡಿದರೆ ನಮ್ಮ ಊರು ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಇದರಲ್ಲಿ ಬರುವವರು ಇನ್ನೂ ನಮ್ಮ ಮನೆಯ ಶುಭಕಾರ್ಯಗಳಿಗೆ ಊಟಕ್ಕೆ ಬರುತ್ತಾರೆ, ಅದು ಹಾಗೇ ಮುಂದುವರಿಯಲಿ.

ಮೊದಲ ತಿಂಗಳ ಪಾಠ ಒಂದಿದೆ. ಕಚೇರಿಗೆ ಹೋದಾಗಲೆಲ್ಲ ಯಾರಾದರೊಬ್ಬರು “ಮೆಂಬರ್ ಎಲ್ಲದಾರ್ರಿ?” ಎಂದು ನನ್ನ ಹಿಂದೆ ನೋಡುತ್ತಿದ್ದರು. ಹಿಂದೆ ನನ್ನ ಗಂಡ ನಿಂತಿರಬೇಕು ಎಂಬ ನಿರೀಕ್ಷೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ “ಹಿಂದ ಬರಾಕತ್ತಾರ, ಅಲ್ಲಿತನಕ ನನಗ ಹೇಳ್ರಿ” ಅನ್ನತೊಡಗಿದೆ. ಗಂಡ ಮಿರಜಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸದಲ್ಲಿರುತ್ತಿದ್ದರು. ಬಂದವರು ಕಾದು ಕಾದು ಸಾಕಾಗಿ ನನಗೇ ಹೇಳುತ್ತಿದ್ದರು. ಹೊಸ ಸದಸ್ಯೆಯರಿಗೆ ಈ ಉತ್ತರವನ್ನು ಉಚಿತವಾಗಿ ಕೊಡುತ್ತಿದ್ದೇನೆ.

ಇನ್ನು ಬಯಲಿನ ವಿಷಯ. ಊರಿನ ಪಡುವಣ ಅಂಚಿನಲ್ಲಿ ಏರುದಿಬ್ಬದ ಮೇಲೆ ಪಂಚಾಯಿತಿಗೆ ಸೇರಿದ ದೊಡ್ಡ ಖಾಲಿ ಜಾಗವಿದೆ. ವರ್ಷದ ಬಹುಪಾಲು ಅಲ್ಲಿ ಜಾಲಿಗಿಡ, ಕ್ರಿಕೆಟ್ಟು, ಒಣಗಿದ ಹುಲ್ಲು. ಗಮನವಿಟ್ಟು ನಡೆದರೆ ಮಾತ್ರ ಕಾಲಿಗೆ ತಾಗುವಂತೆ ನೆಲದಿಂದ ತುಸುವೇ ಮೇಲೆ ಉಳಿಯುವಂತೆ ಹೊಡೆದ ಮರದ ಗೂಟಗಳು. ಅವು ಜುಗೂಳದ ಕಡೆಯ ಹೊಳೆದಂಡೆ ಊರುಗಳ ಮನೆತನಗಳವು. ನಮ್ಮಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಹೊಡೆದು ಅಣೆಕಟ್ಟಿನಿಂದ ನೀರು ಬಿಟ್ಟರೆ ಬಿಸಿಲಿನಲ್ಲೇ ಹೊಳೆ ಏರುತ್ತದೆ. ಆಗ ಆ ಜನ ಎಮ್ಮೆಗಳನ್ನು ಹೊಡೆದುಕೊಂಡು ಈ ದಿಬ್ಬಕ್ಕೆ ಬಂದು, ತಮ್ಮ ತಮ್ಮ ಗೂಟಕ್ಕೆ ಕಟ್ಟಿ, ನೀರು ಇಳಿಯುವವರೆಗೆ ಇರುತ್ತಾರೆ. ಅಜ್ಜನ ಕಾಲದಿಂದ ಬಂದ ರೂಢಿ. ಕಾಗದ ಇಲ್ಲ, ಬಾಡಿಗೆ ಇಲ್ಲ.

ಈ ಜಾಗ ಮಾರಬೇಕೆಂದು ಸಭೆಯಲ್ಲಿ ಮೊದಲು ವಿಷಯ ಎತ್ತಿದವರು ಅಪ್ಪಾಸಾಹೇಬ ಕಾಕಾ. ಹಿರಿಯ ಸದಸ್ಯರು, ದೊಡ್ಡ ದ್ರಾಕ್ಷಿ ತೋಟದ ಒಡೆಯರು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಶಿಸ್ತಿನ ಜೈನ ಮನೆತನದವರು. ಒಣದ್ರಾಕ್ಷಿಯ ಶೆಡ್ಡು ಹಾಕಲು ಅವರ ಅಣ್ಣನ ಮಗನಿಗೆ ಗಾಳಿ ಚೆನ್ನಾಗಿ ಆಡುವ ಎತ್ತರದ ಜಾಗ ಬೇಕಾಗಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವರ ಠರಾವಿನ ಪರವಾಗಿ ಎಲ್ಲರಿಗಿಂತ ಉದ್ದ ಮಾತಾಡಿದವಳು ನಾನು.

ವಾದ ಕೆಟ್ಟದಾಗಿರಲಿಲ್ಲ. ಇಂದಿಗೂ ಅದನ್ನು ಸಮರ್ಥಿಸಬಲ್ಲೆ. ನನ್ನ ವಾರ್ಡಿನ ಹೆಂಗಸರು ಟ್ಯಾಂಕರ್ ಬಂದಾಗ ಕೊಡ ಹಿಡಿದು ಓಡುತ್ತಿದ್ದರು. ಹೊಸ ನೀರಿನ ಪೈಪಿನ ಯೋಜನೆಗೆ ಪಂಚಾಯಿತಿ ತನ್ನ ಪಾಲು ಹಾಕಬೇಕಿತ್ತು, ಅದಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಜಾಗ ಮಾರಿದರೆ ಎಲ್ಲ ವಾರ್ಡಿಗೂ ಒಮ್ಮೆಲೇ ಪೈಪು. ನಾನು ಕೇಳಿದ್ದು ಇಷ್ಟು: ಬಯಲನ್ನು ಬಳಸುವವರು ನಮ್ಮ ಊರಿನವರಲ್ಲ, ನಮಗೆ ತೆರಿಗೆ ಕೊಡುವುದಿಲ್ಲ, ನಮ್ಮ ಮತದಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಅವರ ಎಮ್ಮೆಗಾಗಿ ನಮ್ಮ ಹೆಂಗಸರು ಬಾಯಾರಬೇಕೆ? ಬಹುಮತದಿಂದ ಠರಾವು ಪಾಸಾಯಿತು. ಕಾಕಾ ಹೊರಗೆ ಬಂದು, “ಏನ ಮಾತಾಡ್ತಿ ಅವ್ವಾ, ರೇಡಿಯೋ ನುಂಗೀಯೇನು?” ಎಂದು ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಶಾಂತಕ್ಕ ಹಾಲು ಹಾಕಲು ಬಂದಳು. ಹೊಳೆದಂಡೆಯವಳು. ದಿನಾ ಮೊದಲ ಬಸ್ಸಿಗೆ ಕ್ಯಾನು ಏರಿಸಿಕೊಂಡು ಬಂದು ನಮ್ಮ ಓಣಿಗೆಲ್ಲ ಹಾಲು ಹಾಕುತ್ತಾಳೆ. ಗಂಡ ಇಲ್ಲ, ಎಮ್ಮೆಗಳೇ ಸಂಸಾರ.

“ನಮ್ಮ ಗೂಟ ಮಾರಿದ್ರಂತಲ್ರಿ ಬಾಯಾರ.”

“ಮಾರಿಲ್ಲ, ಠರಾವ್ ಆಗೇತಿ ಅಷ್ಟ. ನಿಮ್ಮೂರಾಗ ಎತ್ತರದ ಜಾಗ ಇಲ್ಲೇನ ಶಾಂತಕ್ಕ?”

“ಐತ್ರಿ. ಗುಡಿ ಐತಿ, ಸಾಲಿ ಐತಿ. ಅಲ್ಲಿ ಮಂದಿ ಏರ್ತೈತಿ. ಎಮ್ಮಿ ಎಲ್ಲಿ ಏರಸ್ಲಿ, ನಿಮ್ಮ ಮಾಳಗಿ ಮ್ಯಾಲ?”

“ಸರಕಾರದವ್ರು ಶಿಬಿರ ಮಾಡ್ತಾರಲ್ಲ?”

“ಮಾಡ್ತಾರ್ರಿ. ಪಾಪ, ಅನ್ನಾ ಸಾರೂ ಹಾಕ್ತಾರ. ನನ್ನ ಎಮ್ಮಿ ಅನ್ನಾ ಸಾರು ಉಣ್ಣಂಗಿಲ್ರಿ.”

ಅಷ್ಟು ಹೇಳಿ ಮುಂದಿನ ಮನೆಗೆ ಹೋದಳು. ಚರ್ಚೆಯಲ್ಲಿ ಇದನ್ನು ಭಾವನಾತ್ಮಕ ವಾದ ಎಂದು ತಳ್ಳಿಹಾಕಬಹುದು. ನಾನೂ ತಳ್ಳಿಹಾಕಿದೆ. ಆದರೂ ಆ ದಿನ ಚಹಾ ಕುಡಿಯುವಾಗ ಹಾಲು ಯಾರದು ಎಂಬುದು ನೆನಪಾಗುತ್ತಲೇ ಇತ್ತು.

ಜಾಗದ ಬೆಲೆ ಕಟ್ಟುವವರು ನೋಡಲು ಬರುತ್ತಾರೆಂದು ತಿಳಿದಾಗ ನಮ್ಮ ಮುಖ್ಯಾಧಿಕಾರಿಗಳು ಹುಮ್ಮಸ್ಸಿನಿಂದ ಕೆಲಸಕ್ಕೆ ಇಳಿದರು. ತುಮಕೂರಿನ ಕಡೆಯವರು, ಆಗಷ್ಟೇ ವರ್ಗವಾಗಿ ಬಂದಿದ್ದರು. ಪ್ರಾಮಾಣಿಕರು, ಸ್ವಚ್ಛತೆ ಎಂದರೆ ಪ್ರಾಣ. ಜಾಗ ಚೊಕ್ಕಟವಾಗಿ ಕಾಣಲೆಂದು ಜೆಸಿಬಿ ತರಿಸಿ ಜಾಲಿ ಕೀಳಿಸಿ ನೆಲ ಸಮ ಮಾಡಿಸಿದರು. ಜಾಲಿಯ ಜೊತೆ ಗೂಟಗಳೂ ಕಿತ್ತು ಬಂದವು. ಹಳೆಯ ಗಟ್ಟಿ ಕಟ್ಟಿಗೆ. ಯಾರು ಯಾರೋ ಒಯ್ದು ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿಕೊಂಡರು. ಯಾರಿಗೂ ಏನೂ ಅನ್ನಿಸಲಿಲ್ಲ. ಬಯಲು ನಿಜಕ್ಕೂ ಚೆಂದ ಕಾಣುತ್ತಿತ್ತು.

ಆ ಮಳೆಗಾಲದಲ್ಲೇ ಹೊಳೆ ಏರಿತು. ಒಂದು ಬೆಳಿಗ್ಗೆ ದಿಬ್ಬದ ತುಂಬ ಎಮ್ಮೆ, ಹಗ್ಗ ಕೈಯಲ್ಲಿ ಹಿಡಿದು ಕಾಲಿನಿಂದ ನೆಲ ತಡವುತ್ತ ಗೂಟ ಹುಡುಕುವ ಹೆಂಗಸರು. ಮುಖ್ಯಾಧಿಕಾರಿ ಸಾಹೇಬರು ಬೆಳಕು ಹರಿಯುವ ಮೊದಲೇ ಅಲ್ಲಿದ್ದರು, ಆ ಶ್ರೇಯ ಅವರಿಗೆ ಸಲ್ಲಬೇಕು. ಹೊಸ ಗೂಟ ತರಿಸಿ ಸಾಲಾಗಿ ಹೊಡೆಸಿದರು. ಮೊದಲು ಬಂದವರಿಗೆ ಮೊದಲ ಸಾಲು ಎಂದು ನಂಬರಿನ ಚೀಟಿ ಹಂಚಿದರು. ನ್ಯಾಯವಾದ ಕ್ರಮ. ನಾನೇ ನಿಂತು ಚೀಟಿ ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ರಣರಂಗ. ಹಳೆಯ ಗೂಟಗಳು ಮನೆತನದ ಸಾಲಿನಲ್ಲಿದ್ದವು. ಪಕ್ಕದ ಮನೆಯ ಎಮ್ಮೆ ಇಲ್ಲಿಯೂ ಪಕ್ಕಕ್ಕೇ ನಿಲ್ಲುತ್ತಿತ್ತು. ಈಗ ಗುರುತಿಲ್ಲದ ಎಮ್ಮೆಗಳು ಒಂದರ ಬದಿಗೊಂದು ನಿಂತು ಕೋಡು ಹಾಯಿಸತೊಡಗಿದವು. ಹಗ್ಗ ಹರಿದುಕೊಂಡು ಕೆಲವು ಪೇಟೆಗೆ ಇಳಿದವು. ಸಂಜೆ ಕರೆಯಲು ಕೂತರೆ ಅರ್ಧಕ್ಕರ್ಧ ಎಮ್ಮೆ ಹಾಲು ಬಿಡಲಿಲ್ಲ. ಶಾಂತಕ್ಕ ಹಗ್ಗ ಬಿಚ್ಚಿ ಬೇರೆ ಸಾಲಿಗೆ ಹೊರಟಾಗ ಸಾಹೇಬರು ತಡೆದರು.

“ಅಮ್ಮಾ, ನಿಮ್ಮ ನಂಬರ್ ಇರೋ ಕಡೆನೇ ಕಟ್ಟಿ. ಎಲ್ಲರೂ ಹೀಗೆ ಮಾಡಿದ್ರೆ ಹೇಗೆ?”

“ನಂಬರ್ ನನಗ ತಿಳೀತೈತ್ರಿ ಸಾಹೇಬ್ರ. ಈಕೀಗೆ ಯಾರ ಹೇಳಬೇಕ್ರಿ?” ಎಂದು ಎಮ್ಮೆಯ ಕಡೆ ಕೈ ಮಾಡಿದಳು. “ಆ ಮಗ್ಗಲದಾಕೀನ ಕಂಡ್ರ ಈಕೀಗೆ ಆಗವಲ್ದು. ಹಾಲ ಬಿಡವಲ್ದು.”

“ಎಮ್ಮೆಗೂ ಅಕ್ಕಪಕ್ಕದವರು ಬೇಕಾ?”

“ನಿಮಗ ಬ್ಯಾಡೇನ್ರಿ? ನಿಮ್ಮನ್ನ ಕರಕೊಂಡ ಹೋಗಿ ಗುರ್ತ ಇಲ್ಲದವ್ರ ಮನ್ಯಾಗ ಉಣ್ಣಾಕ ಕುಂಡ್ರಿಸಿದ್ರ ಹೊಟ್ಟಿತುಂಬ ಉಣ್ತೀರೇನ?”

ಸಾಹೇಬರು ಚೀಟಿಯ ಕಟ್ಟನ್ನು ಜೇಬಿಗೆ ಹಾಕಿಕೊಂಡರು. “ಮೇಡಂ, ನನ್ನ ಸರ್ವಿಸಿನಲ್ಲಿ ಆದೇಶ ಧಿಕ್ಕರಿಸಿದವರನ್ನು ಬಹಳ ಮಂದಿ ನೋಡಿದ್ದೇನೆ. ಹಾಲು ನಿಲ್ಲಿಸಿ ಧಿಕ್ಕರಿಸಿದ್ದು ಇದೇ ಮೊದಲು” ಎಂದು ನನ್ನ ಕಡೆ ತಿರುಗಿ ನಕ್ಕರು. ಆದರೆ ಒಂದು ವಿಷಯದಲ್ಲಿ ಅವರು ಬಗ್ಗಲಿಲ್ಲ. ಮೇವಿನ ಟ್ರ್ಯಾಕ್ಟರ್ ಓಡಾಡಲು ನಟ್ಟನಡುವೆ ದಾರಿ ಬಿಡಲೇಬೇಕು ಅಂದರು. ಹೆಂಗಸರು ಗೊಣಗಿದರು, ಬೈದರು, ಕೊನೆಗೆ ಬಿಟ್ಟರು. ಆ ದಾರಿಯನ್ನು ಇಂದಿಗೂ ಬಿಡುತ್ತಾರೆ, ‘ಸಾಹೇಬ್ರ ಹಾದಿ’ ಎಂದೇ ಕರೆಯುತ್ತಾರೆ. ಹೊಸದಾಗಿ ಬಂದ ಅಧಿಕಾರಿಗಳನ್ನು ಗೇಲಿ ಮಾಡುವುದು ನಮ್ಮಲ್ಲಿ ಸುಲಭ. ಅವರು ಬಿಟ್ಟುಹೋದದ್ದರಲ್ಲಿ ಯಾವುದು ಉಳಿಯಿತು ಎಂಬುದನ್ನೂ ಹೇಳಬೇಕು.

ಈಗ ಆ ಪ್ರಸಿದ್ಧ ‘ಕರಗಿದ ಮನಸ್ಸಿ’ನ ವಿಷಯ. ಹಗ್ಗ ಹರಿದುಕೊಂಡ ಎಮ್ಮೆಗಳು ಊರಲ್ಲಿ ಮಾಡಿದ್ದನ್ನು ಯೋಚಿಸಿ. ಕಿರಾಣಿ ಅಂಗಡಿಯ ಮುಂದೆ ಸಗಣಿ, ಬ್ಯಾಂಕಿನ ಬಾಗಿಲಿಗೆ ಅಡ್ಡವಾಗಿ ಮಲಗಿದ ಎಮ್ಮೆ, ಹಿತ್ತಲಿನ ಮೆಂತ್ಯ ಮಾಯ. ನೀರು ಇಳಿದು ಹೊಳೆದಂಡೆಯವರು ತಮ್ಮ ಊರಿಗೆ ಮರಳಿದ ಮೇಲಿನ ಸಭೆಯಲ್ಲಿ ಕಾಕಾ ಎದ್ದು ನಿಂತು, “ಊರು ನಮ್ಮದೋ, ಎಮ್ಮೀದೋ? ಇಷ್ಟ ತೀರ್ಮಾನ ಆಗ್ಲಿ” ಅಂದರು. ಮೊದಲು ಹಿಂಜರಿದಿದ್ದವರೂ ಈಗ ಮಾರಿಬಿಡೋಣ ಅಂದರು. ಅನಾಹುತ ಕಂಡ ಜನ ತಾವಾಗಿಯೇ ಒಳ್ಳೆಯವರಾಗುತ್ತಾರೆ ಎಂಬುದಕ್ಕೆ ನನ್ನ ಅವಧಿಯಲ್ಲಿ ಒಂದು ಪುರಾವೆಯೂ ಸಿಗಲಿಲ್ಲ. ಅನಾಹುತ ಕಂಡ ಜನಕ್ಕೆ ಮೊದಲು ಸಗಣಿಯ ವಾಸನೆ ಬರುತ್ತದೆ.

ಹಾಗಾದರೆ ನನಗೆ ಸಂಶಯ ಬಂದದ್ದೆಲ್ಲಿ? ಅದೂ ಬಯಲಿನಲ್ಲಿ ಅಲ್ಲ. ದೀಪಾವಳಿಯ ಮುಂಚೆ ಕಾಕಾರ ತೋಟದ ಮನೆಗೆ ಯಾವುದೋ ಸಹಿಗಾಗಿ ಹೋಗಿದ್ದೆ. ತೋಟದ ಆಚೆ ಅವರ ಬೀಗರ ಹೊಲದಲ್ಲಿ ಒಣದ್ರಾಕ್ಷಿಯ ಶೆಡ್ಡು ಇರಬೇಕಾಗಿತ್ತು, ನಾನು ಬೇಸಿಗೆಯಲ್ಲಿ ನೋಡಿದ್ದೆ. ಈಗ ಅಲ್ಲಿ ಹುಲ್ಲು. ಕಬ್ಬಿಣದ ಕಂಬಗಳು ಒಂದು ಬದಿಗೆ ಪೇರಿಸಿದ್ದವು, ಹಸಿರು ಬಲೆಯ ಸುರುಳಿ ಅವುಗಳ ಮೇಲೆ.

“ಕಾಕಾ, ಶೆಡ್ ಎಲ್ಲಿ ಹೋತ್ರಿ?”

“ಮಳಿಗಾಲದಾಗ ಶೆಡ್ ಯಾಕ? ದ್ರಾಕ್ಷಿ ಬಂದಾಗ ಹಾಕೂದು, ಮಣೂಕ ಒಣಗಿದ ಮ್ಯಾಲ ಬಿಚ್ಚೂದು.”

“ಹಂಗಾದ್ರ ಗೂಟದ ಬಯಲು ವರ್ಷಪೂರ್ತಿ ಯಾಕ ಬೇಕ್ರಿ ನಿಮ್ಮ ಹುಡುಗಗ?”

“ಜಾಗ ಅಂದ ಮ್ಯಾಲ ಸ್ವಂತದ್ದ ಇರಬೇಕವ್ವಾ. ಮಂದೀ ಜಾಗದಾಗ ಶೆಡ್ ಹಾಕಿದ್ರ ನಿದ್ದಿ ಹತ್ತಂಗಿಲ್ಲ.”

“ಇದು ಯಾರ ಜಾಗರಿ?”

“ಬೀಗರದು.”

“ನಿದ್ದಿ ಹತ್ತೇತಿಲ್ಲೋ?”

ಕಾಕಾ ಜೋರಾಗಿ ನಕ್ಕರು. “ನೀ ವಕೀಲಕಿ ಓದಬೇಕಾಗಿತ್ತು ನೋಡ. ನನ್ನ ತೋಟಕ್ಕ ಬಂದು ನನ್ನ ಚಾ ಕುಡದು ನನ್ನ ಸಂಗಾಟನ ವಾದ ಮಾಡ್ತಿ.”

ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ಠರಾವು ಅರ್ಧ ಪ್ರಶ್ನೆಗೆ ಕೊಟ್ಟ ಉತ್ತರ ಎಂದು ಹೊಳೆಯಿತು. ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ಕೇಳಿಕೊಂಡೆವು, ಯಾವ ತಿಂಗಳಲ್ಲಿ ಎಂದು ಕೇಳಲಿಲ್ಲ. ದ್ರಾಕ್ಷಿಗೆ ಬಯಲು ಬೇಕಾದ್ದು ಬಿಸಿಲಿನಲ್ಲಿ. ಎಮ್ಮೆಗೆ ಬೇಕಾದ್ದು ಹೊಳೆ ಏರಿದಾಗ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ.

ಕೊನೆಯ ಸಭೆ ಬೇಸಿಗೆಯ ಒಂದು ಸಪ್ಪೆ ಮಧ್ಯಾಹ್ನ ನಡೆಯಿತು; ಮಾರಾಟಕ್ಕೆ ಮೇಲಿನವರ ಮಂಜೂರಾತಿ ಅಲ್ಲಿಯವರೆಗೂ ಬಂದಿರಲಿಲ್ಲ. ನಾನು ಭಾಷಣ ಮಾಡಲಿಲ್ಲ. ಬಯಲನ್ನು ವರ್ಷವರ್ಷ ದ್ರಾಕ್ಷಿಯ ಹಂಗಾಮಿಗೆ ಮಾತ್ರ ಹರಾಜು ಮಾಡಿ ಬಾಡಿಗೆಗೆ ಕೊಡೋಣ, ಜೂನಿನ ಮೊದಲ ಮಳೆಯಾದ ಮಿರಗದ ಮಳೆಗೆ ಮೊದಲು ಕಂಬ ಕಿತ್ತು ಜಾಗ ಬಿಡಿಸಿಕೊಳ್ಳೋಣ, ಬಂದ ಬಾಡಿಗೆಯಿಂದ ಪೈಪನ್ನು ವಾರ್ಡು ವಾರ್ಡಾಗಿ ಮಾಡೋಣ ಅಂದೆ. ಒಪ್ಪಿದವರು ಒಂದೊಂದು ಕಾರಣಕ್ಕೆ ಒಪ್ಪಿದರು. ನೀರಿನ ಟಾಕಿಯ ಹತ್ತಿರದ ವಾರ್ಡಿನವರಿಗೆ ಪೈಪು ಮೊದಲು ತಮಗೇ ಬರುತ್ತದೆ ಎಂದು ಲೆಕ್ಕ ಸಿಕ್ಕಿತು. ಕೆಲವರಿಗೆ ಕಾಕಾರ ಮನೆತನಕ್ಕೆ ಜಾಗ ಖಾಯಂ ಹೋಗುವುದು ಒಳಗೊಳಗೇ ಬೇಕಾಗಿರಲಿಲ್ಲ. ಕಾಕಾರಿಗೆ ಕೊಳ್ಳುವುದಕ್ಕಿಂತ ಬಾಡಿಗೆ ಅಗ್ಗವೆಂದು ಕಂಡಿತು, ಅವರೇ ಮೊದಲು ಕೈ ಎತ್ತಿದರು. ಕರಗಿದ ಮನಸ್ಸು ಆ ಕೋಣೆಯಲ್ಲಿ ಒಂದೂ ಇರಲಿಲ್ಲ, ಎತ್ತಿದ ಕೈಗಳು ಮಾತ್ರ ಸಾಕಷ್ಟಿದ್ದವು. ಹೊಸಬರೇ, ನಿಮ್ಮ ಕಾರಣವನ್ನೇ ಎಲ್ಲರೂ ಒಪ್ಪಬೇಕೆಂದು ಹಟ ಹಿಡಿಯಬೇಡಿ. ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರು ಕಾರಣಕ್ಕೆ ಅಂಕ ಕೊಡುತ್ತಾರೆ. ಪಂಚಾಯಿತಿಯಲ್ಲಿ ಕೈ ಎಣಿಸುತ್ತಾರೆ.

ಸಭೆಯ ನಂತರ ಸಾಹೇಬರು ಜಗಲಿಯಲ್ಲಿ ನನ್ನನ್ನು ತಡೆದರು. “ಮೇಡಂ, ನಿಮ್ಮ ವಾರ್ಡ್ ಪೈಪಿನ ತುದಿಗಿದೆ. ನಳ ಕೊನೆಗೆ ಬರೋದು ನಿಮಗೇ. ಅವಧಿ ಮುಗಿಯೋದರೊಳಗೆ ಬರುತ್ತೆ ಅಂತ ನಾನು ಹೇಳಲಾರೆ.”

ಗೊತ್ತಿತ್ತು. ಪೈಪಿನ ನಕ್ಷೆಯನ್ನು ನಾನೂ ನೋಡಿದ್ದೆ.

ನಳ ಬರಲಿಲ್ಲ. ಚುನಾವಣೆ ಬಂತು. ಮನೆಮನೆಗೆ ಹೋದಾಗ ಎದುರು ಮನೆಯ ಮಹಾದೇವಿ ಬಾಗಿಲಲ್ಲೇ ನಿಂತು ಕೇಳಿದಳು: “ಎಮ್ಮಿಗೆ ಜಾಗ ಮಾಡಿದ್ರಿ ಬಾಯಾರ, ಚೊಲೋ ಆತು. ನನ್ನ ಕೊಡಕ್ಕ?” ಅವಳ ಮಾತು ಸರಿಯಾಗಿತ್ತು, ನನ್ನ ಠರಾವೂ ಸರಿಯಾಗಿತ್ತು. ಎರಡು ಸರಿಗಳು ಎದುರುಬದುರು ನಿಂತಾಗ ಒಬ್ಬರು ಸೋಲಬೇಕು, ಸೋತೆ. ಮುಂದೆ ನಳ ಬಂತು, ಹೆಸರು ನನ್ನ ನಂತರದವರಿಗೆ ಹೋಯಿತು. ನೀರು ಬಿಟ್ಟ ದಿನ ನಾನೂ ಡ್ರಮ್ಮು ತುಂಬಿಸಿಕೊಳ್ಳುತ್ತೇನೆ. ಹೆಸರು ಯಾರದಾದರೂ ಡ್ರಮ್ಮು ತುಂಬುತ್ತದೆ.

ಕೆಲಸದ ರೀತಿಯೂ ಬದಲಾಯಿತು. ನಾನು ಸೇರಿದಾಗ ಸಭೆಯ ವಿಷಯ ಸಭೆಯಲ್ಲೇ ತಿಳಿಯುತ್ತಿತ್ತು, ಈಗ ವಾಟ್ಸಾಪಿಗೆ ಮೊದಲೇ ಬರುತ್ತದೆ. ಓದುವವರ ಸಂಖ್ಯೆ ಅಷ್ಟೇ ಇದೆ. ಆದರೆ ಒಂದು ಪದ್ಧತಿ ಬೇರೂರಿದೆ. ಪಂಚಾಯಿತಿಯ ಯಾವ ಜಾಗದ ಮಾತು ಬಂದರೂ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಸದಸ್ಯರು ಹೋಗಿ ನಿಂತು ನೋಡಬೇಕು. ಹಳೆಯ ವಾರದ ಸಂತೆಯ ಕಟ್ಟೆ, ಬಾವಿಯ ಸುತ್ತಲಿನ ಜಾಗ, ಎರಡಕ್ಕೂ ನನ್ನ ಅವಧಿಯಲ್ಲೇ ಹಾಗೇ ಮಾಡಿದೆವು. ಕಟ್ಟೆಯನ್ನು ಮಾರಿದೆವು. ಎರಡು ಸಲ ನೋಡಿದರೂ ಅಲ್ಲಿ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಸಾರ್ವಜನಿಕ ಜಾಗವನ್ನು ಎಂದೂ ಮಾರಬಾರದು ಎಂದು ಪ್ರಮಾಣ ಮಾಡುವವರನ್ನು ನಾನು ನಂಬುವುದಿಲ್ಲ. ಅವರು ಜಾಗ ನೋಡಿರುವುದಿಲ್ಲ.

ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಸಂಜೆ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ನೆಮ್ಮದಿಯಾಗಿದ್ದೇನೆ. ಹೊಳೆ ಏರಿದ ವರ್ಷ ದಿಬ್ಬದ ಮೇಲೆ ಮತ್ತೆ ಗೂಟಗಳ ಸಾಲು, ಮತ್ತೆ ಸಾಲಿನ ಜಗಳ, ನಡುವೆ ಸಾಹೇಬ್ರ ಹಾದಿ. ಶಾಂತಕ್ಕ ಇಂದಿಗೂ ನಮ್ಮ ಓಣಿಗೆ ಹಾಲು ಹಾಕುತ್ತಾಳೆ. ಉಪಕಾರ ಎಂಬ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಹೋದ ವರ್ಷ ಹಾಲಿನ ದರ ಏರಿಸಿದಳು. “ನನಗೂ ಏರಿಸಿದೇನ ಶಾಂತಕ್ಕ?” ಅಂದರೆ, “ಹಿಂಡಿ ತುಟ್ಟಿ ಆಗೇತ್ರಿ ಬಾಯಾರ, ಮಾಜಿ ಮೆಂಬರ್ ಅಂತ ಹಿಂಡಿ ಅಂಗಡ್ಯಾಂವ ಬಿಡ್ತಾನೇನ್ರಿ?” ಅಂದಳು.

ಮೊನ್ನೆ ಹಾಲು ಅಳೆಯುತ್ತ ಅವಳು ತಲೆ ಎತ್ತದೆ, “ಒಂದ ಸಲ ಬಯಲಕಡೆ ಹೋಗಿ ಬರ್ರಿ” ಅಂದಳು. ಯಾಕೆಂದು ಕೇಳಿದೆ. “ನಾ ಹೇಳಿದ್ರ ಹೊಳೀಕಡೆಯಾಕಿ ಅಂತಾರ. ನೀವ ನೋಡ್ರಿ.”

ಕಾಲೇಜು ಮುಗಿಸಿ ಸ್ಕೂಟಿ ತಿರುಗಿಸಿದೆ. ಮಿರಗ ಹತ್ತಿರ ಬಂದಿತ್ತು, ಗಾಳಿಯಲ್ಲಿ ಮಳೆಯ ತಂಪು. ಈ ಸಲವೂ ಹರಾಜು ಹಿಡಿದಿದ್ದ ಕಾಕಾರ ಮನೆಯವರ ಒಣದ್ರಾಕ್ಷಿಯ ಪೆಟ್ಟಿಗೆಗಳು ಲಾರಿ ಏರುತ್ತಿದ್ದವು. ಹಸಿರು ಬಲೆ ಬಿಚ್ಚಿ ಆಗಿತ್ತು. ಕಂಬಗಳು ನಿಂತಿದ್ದವು. ಹೋದ ವರ್ಷದಂತೆ ಮಣ್ಣಿನಲ್ಲಿ ನೆಟ್ಟದ್ದಲ್ಲ; ದಿಬ್ಬದ ಎತ್ತರದ ಭಾಗದಲ್ಲಿ ಒಂದು ಸಾಲು ಪೂರ್ತಿ, ಪ್ರತಿ ಕಂಬದ ಬುಡಕ್ಕೂ ಹಸಿ ಸಿಮೆಂಟಿನ ಗಡ್ಡೆ, ಬಿರಿಯದಿರಲೆಂದು ಒದ್ದೆ ಗೋಣಿಚೀಲ ಸುತ್ತಿದ್ದರು. ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಕಾ ಕುಳಿತಿದ್ದರು. ವಯಸ್ಸಾಗಿದೆ, ನನ್ನನ್ನು ಕಂಡರೆ ಈಗಲೂ ಮುಖ ಅರಳುತ್ತದೆ.

“ಬಾ ಅವ್ವಾ ಬಾ. ನಿನ್ನ ನೆನಸಾಕತ್ತಿದ್ದೆ. ಕೈ ಹಿಡಿ” ಎಂದು ಪೆಟ್ಟಿಗೆಯಿಂದ ಒಂದು ಮುಷ್ಟಿ ಒಣದ್ರಾಕ್ಷಿ ತೆಗೆದು ನನ್ನ ಅಂಗೈಗೆ ಸುರಿದರು. “ಈ ಸಲದ ಮಾಲು ಹೆಂಗ ಐತಿ ಹೇಳ.”

ಸಿಹಿಯಾಗಿತ್ತು. ಹಾಗೆಂದೆ. ಅವರು ಸಂತೋಷಪಟ್ಟು, ಲಾರಿಯವನಿಗೆ ಏನೋ ಕೂಗಿ ಹೇಳಿ, ಮತ್ತೆ ನನ್ನ ಕಡೆ ತಿರುಗಿದರು. ನಾನು ಕಂಬದ ಬುಡ ನೋಡುತ್ತಿದ್ದುದನ್ನು ಅವರೂ ನೋಡಿದರು. ಇನ್ನೊಂದು ಮುಷ್ಟಿ ತೆಗೆಯಲು ಪೆಟ್ಟಿಗೆಗೆ ಕೈ ಹಾಕಿದರು.

“ಕಾಕಾ,” ಅಂದೆ, “ಮಿರಗಕ್ಕ ಕಿತ್ತು ಒಯ್ಯೂ ಕಂಬಕ್ಕ ಸಿಮೆಂಟ್ ಯಾಕ ಹಾಕ್ಸೀರ್ರಿ?”